ಮಾಳಿಗೆ ಮೇಲಿನ ಹಳೆಯೂರು

ಸಿಂಧನೂರಿನಲ್ಲಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರೆ ಮಸ್ಕಿ ಬರುವವರೆಗೂ ಮೂಗಿಗೆ ಬಿಡುವಿಲ್ಲ. ಶ್ರಾವಣದಲ್ಲಂತೂ ಗೊರೇಬಾಳದ ಕಡೆಯ ಗದ್ದೆಗಳಿಂದ ಕೆಸರು, ಗೊಬ್ಬರ, ಬೆಳೆಯ ಹುಳಕ್ಕೆ ಹೊಡೆದ ಎಣ್ಣೆ ಎಲ್ಲ ಕಲಸಿದ ವಾಸನೆ ಬಂದು ಸೀರೆಗೇ ಹತ್ತಿಕೊಳ್ಳುತ್ತದೆ. ನಮ್ಮ ಕಡೆಯವರಿಗೆ ಅದು ಅನ್ನದ ವಾಸನೆ. ಅವರದೇನೂ ತಪ್ಪಿಲ್ಲ. ನನಗೆ ಮಾತ್ರ ಆ ವಾಸನೆ ಬಂದಾಗಲೆಲ್ಲ ಈಗ ಇಲ್ಲದ ಒಂದು ದಿಬ್ಬ ನೆನಪಾಗುತ್ತದೆ.

ಈ ಸಲ ನನ್ನ ಪರ್ಸಿನಲ್ಲಿ ಒಂದು ಮಣಿ ಇತ್ತು. ಕೆಂಪು ಕಲ್ಲಿನದು, ಜೋಳದ ಕಾಳಿಗಿಂತ ತುಸು ದೊಡ್ಡದು, ಒಂದು ಕಡೆ ಚಕ್ಕೆ ಎದ್ದದ್ದು. ಮಸ್ಕಿಯಲ್ಲಿ ನನ್ನ ಕೈಯಲ್ಲಿ ಓದಿದ ಹುಡುಗಿಯೊಬ್ಬಳು ಈಗ ಸಿಂಧನೂರಿನ ಸೊಸೆ. ತವರಿನವರು ಮನೆಯ ಚಾವಣಿಯಾಗಿದ್ದ ಮಣ್ಣಿನ ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿಸುವಾಗ ಸಿಕ್ಕಿತೆಂದು ಮೊನ್ನೆ ತಂದುಕೊಟ್ಟಳು. "ನಿಮಗ ಹಳೇ ಸಾಮಾನು ಅಂದ್ರ ಜೀವ ಅಲ್ರೀ ಅಕ್ಕೋರ" ಎಂದು ನಕ್ಕಳು. ಆ ಚಕ್ಕೆಯನ್ನು ಬೆರಳಿನಿಂದ ಸವರಿದ ಕೂಡಲೇ ನನಗೆ ಹುಲಿಗೆಮ್ಮ ನೆನಪಾದಳು. ಇದು ಅವಳ ಮಗಳ ಕೈಯಲ್ಲಿದ್ದ ಮಣಿಯೇ ಇರಬಹುದೆ? ಅದೊಂದನ್ನು ಕೇಳಲು ನಾನು ಮಸ್ಕಿಗೆ ಹೊರಟಿದ್ದೆ.

ಹುಲಿಗೆಮ್ಮನನ್ನು ಕಂಡ ವರ್ಷ ನಾನು ಮಸ್ಕಿಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ನನ್ನೂರು ಲಿಂಗಸುಗೂರು, ಹೀಗಾಗಿ ಈ ನೆಲ ನನಗೆ ಹೊಸದಲ್ಲ. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ, ನಡುವೆ ನಾವು. ಈ ನಡುವಿನ ತುಂಡು ನೆಲಕ್ಕಾಗಿ ದೊರೆಗಳು ತಲೆತಲಾಂತರ ಬಡಿದಾಡಿದರು ಎಂದು ನಾನು ದನಿ ಏರಿಸಿ ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನವನೊಬ್ಬ ಎದ್ದು, "ಅವಾಗ ಕಾಲುವಿ ಇತ್ತೇನ್ರೀ ಅಕ್ಕೋರ?" ಎಂದು ಕೇಳಿದ. ಇರಲಿಲ್ಲ ಅಂದೆ. "ಮತ್ತ್ಯಾಕ ಬಡದಾಡಿದ್ರು?" ಅಂದ.

ಮಸ್ಕಿಗೆ ಇರುವುದು ಹೊಳೆಯಲ್ಲ, ಹಳ್ಳ. ಆದರೆ ಊರು ಹುಟ್ಟಿದ್ದು ಅದರಿಂದಲೇ. ಒಂದು ಕಡೆ ಕಲ್ಲುಗುಂಡುಗಳ ಗುಡ್ಡ, ಗುಡ್ಡದ ಮೈಯಲ್ಲಿ ಒಬ್ಬ ಚಕ್ರವರ್ತಿ ತನ್ನ ಸ್ವಂತ ಹೆಸರು ಹಾಕಿ ಕೆತ್ತಿಸಿದ ಬಂಡೆ. ಅದಕ್ಕೆ ಬೇಲಿ, ಬೀಗ, ಫಲಕ ಎಲ್ಲ ಉಂಟು. ಊರ ಹೊರಗೆ ಹಳ್ಳದ ದಂಡೆಯಲ್ಲಿ ಬೂದಿ ಬಣ್ಣದ ಒಂದು ದಿಬ್ಬ ಇತ್ತು, ಅದಕ್ಕೆ ಏನೂ ಇರಲಿಲ್ಲ. ಜನ ಅದನ್ನು ಹಳೆಯೂರು ಎನ್ನುತ್ತಿದ್ದರು. ಆ ಚಕ್ರವರ್ತಿಗಿಂತ ಎಷ್ಟೋ ಮೊದಲು ದನ ಸಾಕಿ, ಮಣಿ ಕೊರೆದು, ಗಡಿಗೆ ಸುಟ್ಟು ಬದುಕಿದ ಜನರ ಒಲೆಬೂದಿ, ಸಗಣಿ, ಮೂಳೆ, ಮನೆಯ ಮಣ್ಣು ಎಲ್ಲ ಕೂಡಿ ಎದ್ದ ದಿಬ್ಬ ಅದು.

ದಿಬ್ಬದ ಮಣ್ಣು ನೀರು ಸೋರಗೊಡುವುದಿಲ್ಲ ಎಂಬ ನಂಬಿಕೆ ಊರಿನಲ್ಲಿತ್ತು. ರೋಹಿಣಿ ಮಳೆಗೆ ಮುಂಚೆ ಪ್ರತಿ ಮನೆಯವರೂ ಹೋಗಿ ಬುಟ್ಟಿಗಳಲ್ಲಿ ಆ ಮಣ್ಣು ಹೊತ್ತು ತಂದು ಮಾಳಿಗೆಯ ಮೇಲೆ ಹರವಿ ತುಳಿಯುತ್ತಿದ್ದರು. ಮೊದಲ ಮಳೆ ನಿಂತ ಮೇಲೆ ಹೆಣ್ಣುಮಕ್ಕಳು ಏಣಿ ಹತ್ತುತ್ತಿದ್ದರು. ಮಣ್ಣು ತೊಳೆದುಹೋಗಿ ಮಾಳಿಗೆಯ ಮೇಲೆ ಮಡಕೆ ಚೂರು, ಶಂಖದ ಬಳೆಯ ತುಂಡು, ಒಮ್ಮೊಮ್ಮೆ ಕೆಂಪು ಮಣಿ ಎದ್ದು ಕಾಣುತ್ತಿದ್ದವು. ಮಣಿ ಸಿಕ್ಕರೆ ದಾರಕ್ಕೆ ಪೋಣಿಸಿ ಎಳೆಗೂಸಿನ ಮುಂಗೈಗೆ ಕಟ್ಟುವರು. ಹಳೆಯೂರಿನ ಮಣಿ ಇದ್ದರೆ ಕಣ್ಣು ತಾಕುವುದಿಲ್ಲ. ಸಾವಿರಾರು ವರ್ಷದ ಆಭರಣ ಕಟ್ಟಿಕೊಂಡು ಮಸ್ಕಿಯ ಕೂಸುಗಳು ತೊಟ್ಟಿಲಲ್ಲಿ ಉಚ್ಚೆ ಹೊಯ್ದುಕೊಳ್ಳುತ್ತಿದ್ದವು. ಮೊದಲ ಸಲ ಕಂಡಾಗ ನಾನು ನಗು ತಡೆಯಲಾರದೆ ಹೋಗಿದ್ದೆ.

ಆ ಚಳಿಗಾಲ ಒಂದು ವಿಶ್ವವಿದ್ಯಾಲಯದ ತಂಡ ದಿಬ್ಬ ಅಗೆಯಲು ಬಂತು. ಅದರ ಮುಖ್ಯಸ್ಥರು ರಾಘವನ್ ಎಂಬ ತಮಿಳುನಾಡಿನವರು, ಪುಸ್ತಕದ ಕನ್ನಡ ಮಾತಾಡುವ ಸಜ್ಜನ. ಅವರ ಕನ್ನಡ ಕೂಲಿಯವರಿಗೆ, ಕೂಲಿಯವರ ಕನ್ನಡ ಅವರಿಗೆ ತಿಳಿಯದ ಕಾರಣ ಶಾಲೆ ಬಿಟ್ಟ ಮೇಲೆ ನಾನು ನಡುವೆ ನಿಲ್ಲುತ್ತಿದ್ದೆ. ನನಗೂ ಆಸೆ. ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಊರು ಕಣ್ಣೆದುರಿಗೇ ಮಣ್ಣಿನಿಂದ ಏಳುವುದನ್ನು ಯಾವ ಟೀಚರು ಬಿಟ್ಟಾಳು.

ಮಣ್ಣು ಜರಡಿ ಹಿಡಿಯುವ ಸಾಣಿಗೆಯ ಹತ್ತಿರ ಹುಲಿಗೆಮ್ಮ ಇದ್ದಳು. ಸಂತೆಕಲ್ಲೂರಿನ ಮಗಳು, ಮಸ್ಕಿಯ ಸೊಸೆ, ಸುಮಾರು ನನ್ನ ವಾರಿಗೆಯವಳು. ಉಳಿದ ಹೆಂಗಸರು ಬುಟ್ಟಿ ಹೊರಲು ತಕರಾರಿಲ್ಲದೆ ಹೋಗುತ್ತಿದ್ದರು. ಅವಳು ಮಾತ್ರ ಮೊದಲ ದಿನವೇ "ನನಗ ಸಾಣಿಗಿ ಕೊಡ್ರಿ" ಎಂದು ಹಟ ಹಿಡಿದಿದ್ದಳು. ಮಣಿಯೊಂದು ಸಿಕ್ಕರೆ ತಕ್ಷಣ ಕೊಡಳು. ಸೆರಗಿನಿಂದ ಒರೆಸಿ, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, "ಇದಲ್ಲ" ಎಂದು ತನ್ನಷ್ಟಕ್ಕೆ ಗೊಣಗಿ ಆಮೇಲೆ ತಟ್ಟೆಗೆ ಹಾಕುವಳು. ತಂಡದ ಹುಡುಗರಿಗೆ ಅವಳ ಮೇಲೆ ಗುಮಾನಿ ಹುಟ್ಟಿತ್ತು. ಮಣಿ ಕದ್ದಾಳು ಅಂತ ಅವರಿಗೆ.

ಎಳ್ಳು ಅಮಾವಾಸ್ಯೆ, ನಮ್ಮ ಕಡೆಯ ಎಳ್ಳಮಾಸಿಯ ದಿನ ಅಗೆತಕ್ಕೆ ರಜೆ. ಊರಿಗೆ ಊರೇ ಹೊಲಕ್ಕೆ, ಬೆಳೆಗೆ ಹಬ್ಬದಡುಗೆಯ ಚರಗ ಚೆಲ್ಲಲು ಹೋಗಿತ್ತು. ಸಹೋದ್ಯೋಗಿಯೊಬ್ಬರ ಹೊಲದಲ್ಲಿ ಸಜ್ಜೆ ಕಡುಬು, ಪುಂಡಿಪಲ್ಯ ಉಂಡು ಹಳ್ಳದ ದಂಡೆಗುಂಟ ನಡೆದು ಬರುವಾಗ ದಿಬ್ಬದ ಮೇಲೆ ಹುಲಿಗೆಮ್ಮ ಕಂಡಳು. ಕೈಯಲ್ಲಿ ಎಲೆ ಮುಚ್ಚಿದ ಸಣ್ಣ ಬುಟ್ಟಿ. ಬಗ್ಗಿ ಬಗ್ಗಿ ನೆಲ ನೋಡುತ್ತ ಅಡ್ಡಾಡುತ್ತಿದ್ದಳು.

"ಏನ್ ಹುಡುಕಾಕತ್ತೀಯವ್ವಾ?" ಅಂದೆ.

"ಏನಿಲ್ರೀ ಅಕ್ಕೋರ. ಇಲ್ಲೆ ಒಂದು ಕಲ್ಲು ಇಟ್ಟಿದ್ನಿ."

"ಎಂಥಾ ಕಲ್ಲು?"

ಅವಳು ಸುತ್ತ ಯಾರಿದ್ದಾರೆ ಎಂದು ನೋಡಿದಳು. "ನನ್ನ ಕೂಸಿನ ತಲಿ ಕಡೀಗೆ ಇಟ್ಟದ್ದು."

ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಹೋದ ಕೂಸುಗಳನ್ನು ಅವರ ಮನೆತನದವರು ಊರ ಸುಡುಗಾಡಿಗೆ ಒಯ್ಯುತ್ತಿರಲಿಲ್ಲ, ಹಳೆಯೂರಿನ ದಿಬ್ಬದಲ್ಲಿ ಮಲಗಿಸಿ ಬರುತ್ತಿದ್ದರು. ಅಂಥ ಕೂಸಿಗೆ ತಿಥಿ ಮಾಡುವಂತಿಲ್ಲ, ಗುರುತು ಕಟ್ಟುವಂತಿಲ್ಲ, ತಾಯಿ ಅತ್ತರಂತೂ ಮುಗಿದೇ ಹೋಯಿತು.

"ಹೆಸರಿಲ್ಲದ ಕೂಸಿಗೆ ಅತ್ರ ಹೊಟ್ಟ್ಯಾಗ ಮತ್ತೊಂದು ನಿಲ್ಲಂಗಿಲ್ಲ ಅಂದ್ಲು ನಮ್ಮತ್ತಿ. ನಾ ಅಳಲಿಲ್ರೀ. ಹಂಗಾದ್ರೂ ನಿಲ್ಲಲಿಲ್ಲ" ಅಂದಳು ಹುಲಿಗೆಮ್ಮ. "ಹೆಣ್ಣುಕೂಸು. ಕೈಗೆ ಮಾಳಿಗಿ ಮ್ಯಾಲಿನ ಮಣಿ ಕಟ್ಟಿದ್ನಿ. ಪೋಣಸೂವಾಗ ಒಂಚೂರು ಚಕ್ಕಿ ಎದ್ದಿತ್ತು. ಒಯ್ಯೂವಾಗ ಅದನ್ನ ಬಿಚ್ಚಬ್ಯಾಡ್ರಿ ಅಂದೆ. ಬಿಚ್ಚಲಿಲ್ಲ."

ವರ್ಷ ವರ್ಷ ಎಳ್ಳಮಾಸಿಗೆ, ಊರೆಲ್ಲ ಹೊಲದಲ್ಲಿದ್ದಾಗ, ಯಾರಿಗೂ ತಿಳಿಯದಂತೆ ಬಂದು ಆ ಕಲ್ಲಿನ ಹತ್ತಿರ ಒಂದು ತುತ್ತು ಇಟ್ಟು ಹೋಗುತ್ತಿದ್ದಳು. ಗುರುತು ಕಟ್ಟಬಾರದಲ್ಲ, ಅದಕ್ಕೇ ದಿಬ್ಬದ ಮೇಲೇ ಬಿದ್ದಿದ್ದ, ನಡುವೆ ತಗ್ಗುಬಿದ್ದ ಒಂದು ಹಳೆಯ ಅರೆಯುವ ಕಲ್ಲನ್ನು ತಂದಿಟ್ಟಿದ್ದಳು. ಅಂಥವು ಅಲ್ಲಿ ಎಲ್ಲೆಂದರಲ್ಲಿ ಬಿದ್ದಿರುತ್ತಿದ್ದವು. ಯಾರಿಗೂ ಅನುಮಾನ ಬರದ ಗುರುತು ಅದು.

ಅನುಮಾನ ಬಾರದ್ದೇ ಕೇಡಾಯಿತು. ಅಗೆಯುವ ಮೊದಲು ತಂಡದ ಹುಡುಗರು ದಿಬ್ಬದ ಮೇಲೆ ಕಂಡ ಹಳೆಯ ಕಲ್ಲುಗಳನ್ನೆಲ್ಲ ಎತ್ತಿ, ತೊಳೆದು, ಬಿಳಿ ಬಣ್ಣದಲ್ಲಿ ಅಂಕಿ ಬರೆದು ಡೇರೆಯಲ್ಲಿ ಒಟ್ಟಿದ್ದರು. ಹುಲಿಗೆಮ್ಮನ ಕಲ್ಲೂ ಅದರಲ್ಲಿ ಹೋಗಿತ್ತು. ಅವಳು ಸಾಣಿಗೆಗೆ ಹಟ ಹಿಡಿದದ್ದು ಯಾಕೆಂದು ನನಗೆ ಆಗ ತಿಳಿಯಿತು. ಕಲ್ಲು ಇಲ್ಲದ ಮೇಲೆ ಗುದ್ದಲಿ ಎಲ್ಲಿ ಬೀಳುತ್ತದೋ ಯಾರಿಗೆ ಗೊತ್ತು. ಮಗಳು ಹೊರಗೆ ಬಂದರೆ ತನ್ನ ಕೈಗೇ ಬರಲಿ ಅಂತ ಕಾಯುತ್ತಿದ್ದಳು.

ಮರುದಿನ ಅವಳನ್ನು ಒಪ್ಪಿಸಿ ರಾಘವನ್ ಅವರಿಗೆ ಹೇಳಿದೆ. ಅವರು ಮೊದಲು ತಲೆ ಅಲ್ಲಾಡಿಸಿದರು. "ಈ ಕಲ್ಲುಗಳು ಬಹಳ ಪ್ರಾಚೀನವಾದವು. ಈಕೆಯ ಕಲ್ಲು ಇವುಗಳಲ್ಲಿ ಹೇಗೆ ಬರುತ್ತದೆ?"

"ಕಲ್ಲು ಹಳೇದೇ ಸರ್. ಇಟ್ಟದ್ದು ಈಚೆಗೆ."

ಅವರ ಮುಖ ಸಪ್ಪಗಾಯಿತು. ಡೇರೆಯ ಒಳಗೆ ಕರೆದೊಯ್ದು, "ನೋಡಿ ಹೇಳಮ್ಮಾ" ಅಂದರು. ಹುಲಿಗೆಮ್ಮ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಕಲ್ಲಿನ ತಗ್ಗಿನಲ್ಲಿ ಅಂಗೈ ಇಟ್ಟು ನೋಡುತ್ತ ಹೋದಳು. ಒಂದರ ಮೇಲಿಟ್ಟ ಕೈ ತೆಗೆಯಲಿಲ್ಲ. ರಾಘವನ್ ಅದರ ಅಂಕಿ ನೋಡಿ ದಿಬ್ಬದ ಮೇಲೆ ಕರೆದೊಯ್ದರು. ಅಂಕಿ ಹೇಳಿದ್ದು ಅವರು ದಿಬ್ಬವನ್ನು ಭಾಗ ಮಾಡಿಕೊಂಡಿದ್ದ ಚೌಕಗಳಲ್ಲಿ ಒಂದನ್ನು, ಎರಡು ಕೋಣೆಯಷ್ಟು ಅಗಲದ ಜಾಗ. ಅದರೊಳಗೆ ಎಲ್ಲಿ ಎಂದು ಯಾರೂ ಬರೆದಿಟ್ಟಿರಲಿಲ್ಲ. ಬೇಕೆಂದರೆ ಹಗುರಾಗಿ ಅಗೆದು ಹುಡುಕಿ ಕೊಡುತ್ತೇನೆ ಎಂದರು ಅವರು.

"ತಗದು ಏನ್ ಮಾಡ್ಲಿ?" ಅಂದಳು ಹುಲಿಗೆಮ್ಮ. "ಮಲಗ್ಯಾಳ. ಮಲಗಲಿ."

ಅವರು ಆ ಚೌಕದ ನಾಲ್ಕು ಮೂಲೆಗೆ ಗೂಟ ಹೊಡೆಸಿ ಕೆಂಪು ಪಟ್ಟಿ ಕಟ್ಟಿಸಿದರು. ಅಲ್ಲಿ ಅಗೆಯಲಿಲ್ಲ, ಮಾತು ಉಳಿಸಿಕೊಂಡರು. ನನ್ನ ಕಡೆ ತಿರುಗಿ, "ನಮ್ಮಿಂದ ತಪ್ಪಾಯಿತು ಎಂದು ಆಕೆಗೆ ಹೇಳಿ" ಅಂದರು. ಹೇಳಿದೆ.

"ಅವರದೇನ್ ತಪ್ಪೈತ್ರೀ" ಅಂದಳು. "ಗುಡ್ಡದ ಕಲ್ಲಿನ ಮ್ಯಾಲ ಬರದಂಗ ನಾನೂ ಬರಸಬೇಕಿತ್ತು. ಏನಂತ ಬರಸ್ಲಿ? ಹೆಸರ ಇಟ್ಟಿರಲಿಲ್ಲಲ್ರೀ."

ಅವತ್ತು ನಾನು ಮನೆಗೆ ಹೋಗಿ ಅತ್ತೆ. ಅವಳಿಗಂತೂ ಅಳುವ ಹಕ್ಕಿರಲಿಲ್ಲ.

ಬೇಸಿಗೆಯ ಬಿಸಿಲು ಏರಿತು. ತಂಡದವರು ಗುಂಡಿಗಳನ್ನು ಮುಚ್ಚಿಸಿ, ಪೆಟ್ಟಿಗೆಗಳನ್ನು ಲಾರಿಗೆ ಏರಿಸಿ ಹೋದರು. ನಾನು ಕಥೆ ಸುಖವಾಗಿ ಮುಗಿಯಿತು ಎಂದುಕೊಂಡೆ. ಆದರೆ ದಿಬ್ಬ ಖಾಸಗಿ ಪಟ್ಟಾ ಜಮೀನಿನಲ್ಲಿತ್ತು, ಶರಣೇಗೌಡರದು. ಕಾಲುವೆಯ ಬಸಿನೀರು ಹರಿದು ಹಳ್ಳ ಈಗ ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ಒಂದು ಮೋಟರು ಇಟ್ಟರೆ ಜೋಳದ ನೆಲವೆಲ್ಲ ನೆಲ್ಲಿನ ಗದ್ದೆ. ಅಡ್ಡ ಇದ್ದದ್ದು ದಿಬ್ಬ ಒಂದೇ. ಅಗೆಯುವವರು ನೋಡುವುದನ್ನೆಲ್ಲ ನೋಡಿಕೊಂಡು ಹೋದ ಮೇಲೆ ಇನ್ನೇನಿದೆ ಎಂದು ಗೌಡರು ಜೆಸಿಬಿ ತರಿಸಿದರು.

ನಾನು ಕಚೇರಿಗಳಿಗೆ ಅಲೆದೆ. ಬೇಲಿ ಇದ್ದದ್ದು ಬಂಡೆಗೆ, ದಿಬ್ಬಕ್ಕಲ್ಲ ಎಂದು ಎಲ್ಲರೂ ಸಮಾಧಾನವಾಗಿಯೇ ತಿಳಿಸಿ ಹೇಳಿದರು. ಕೊನೆಗೆ ಗೌಡರ ಮನೆಗೇ ಹೋದೆ. ಮಗಳನ್ನು ನನ್ನ ಶಾಲೆಗೆ ಕಳಿಸಿದ ಮನುಷ್ಯ, ಚಹಾ ಕುಡಿಸದೆ ಮಾತಿಗೆ ಕೂರಲಿಲ್ಲ.

"ಅಕ್ಕೋರ, ಒಂದು ಕೇಳ್ತೀನಿ. ಈ ಊರಾಗ ಆ ದಿಬ್ಬದ ಮಣ್ಣು ಇಲ್ಲದ ಮಾಳಿಗಿ ಯಾವ್ದೈತಿ ತೋರಸ್ರಿ. ಮುತ್ಯಾಗೋಳ ಕಾಲದಿಂದ ಎಲ್ಲಾರೂ ಬುಟ್ಟೀಲೆ ಹೊತ್ತಾರ. ನಾ ಟಿಪ್ಪರಿಲೆ ಹೊರಸ್ತೀನಿ. ಅಷ್ಟ ಫರಕ್."

ಅವರು ಹೇಳಿದ್ದು ನಿಜವಾಗಿತ್ತು. "ಒಂದು ಚೌಕ ಬಿಡ್ರಿ ಗೌಡ್ರ. ಒಂದು ಕೂಸು ಐತಿ ಅಲ್ಲಿ" ಅಂದೆ.

ಅವರು ಚಹಾದ ಕಪ್ಪು ಕೆಳಗಿಟ್ಟರು. "ಜರೂರ ಬಿಡ್ತೀನಿ. ನಾನೂ ಮಕ್ಕಳೊಂದಿಗ. ಎಲ್ಲೈತಿ ತೋರಸ್ರಿ."

ಹುಲಿಗೆಮ್ಮನನ್ನು ಕರೆದುಕೊಂಡು ಓಡಿದೆ. ಗೂಟಗಳು ಇರಲಿಲ್ಲ. ಕುರಿ ಕಾಯುವವರು ಕಿತ್ತು ಒಲೆಗೆ ಹಾಕಿಕೊಂಡಿದ್ದರೋ, ಗುಂಡಿ ಮುಚ್ಚಿದವರು ಒಯ್ದಿದ್ದರೋ. ಜಾಲಿಗಿಡಗಳನ್ನು ಸವರಿಯಾಗಿತ್ತು, ಒಂದು ಮಗ್ಗುಲು ಆಗಲೇ ಜೆಸಿಬಿಯ ಬಾಯಿಗೆ ಹೋಗಿತ್ತು. ವರ್ಷ ವರ್ಷ ಬಂದ ಜಾಗದಲ್ಲಿ ಹುಲಿಗೆಮ್ಮ ಹೊಸಬಳಂತೆ ನಿಂತಳು. "ಇಲ್ಲೆ" ಅಂದಳು. ನಾಲ್ಕು ಹೆಜ್ಜೆ ನಡೆದು "ಅಲ್ರೀ, ಅಲ್ಲೆ" ಅಂದಳು. ಆಮೇಲೆ ತಿರುಗಿ ಮೊದಲಿನ ಜಾಗಕ್ಕೇ ಬಂದಳು. ಗೌಡರು ಕೈ ಹಿಂದೆ ಕಟ್ಟಿಕೊಂಡು ಕಾದರು. ರಾಘವನ್ ಅವರಿಗೆ ಫೋನು ಹಚ್ಚಿದೆ. ಗಾಬರಿಯಾಗಿ, ನಾಡಿದ್ದು ಅಳತೆಯ ನಕ್ಷೆ ಕೊಟ್ಟು ಹುಡುಗನೊಬ್ಬನನ್ನು ಕಳಿಸುತ್ತೇನೆ ಎಂದರು. ಜೆಸಿಬಿ ಗಂಟೆಯ ಬಾಡಿಗೆಯದು, ಮಳೆ ಬೇರೆ ಮುಂದೆ ನಿಂತಿತ್ತು. ಹುಡುಗ ಬಂದಾಗ ಅವನ ನಕ್ಷೆಯಲ್ಲಿ ದಿಬ್ಬ ಇತ್ತು, ನೆಲದ ಮೇಲೆ ಇರಲಿಲ್ಲ.

ಮಣ್ಣಿನಲ್ಲಿ ಬಹುಪಾಲು ಗೊರೇಬಾಳ, ದಢೇಸುಗೂರಿನ ಕಡೆಯ ಗದ್ದೆಗಳಿಗೆ ಗೊಬ್ಬರವಾಗಿ ಹೋಯಿತು. ಉಳಿದದ್ದನ್ನು ಗೌಡರು ಊರಿನವರಿಗೆ ಪುಕ್ಕಟೆ ಬಿಟ್ಟರು. ಆ ಬೇಸಿಗೆ ಮಸ್ಕಿಯ ಮಾಳಿಗೆಗಳ ಮೇಲೆ ಎಂದೂ ಇಲ್ಲದಷ್ಟು ದಪ್ಪ ಮಣ್ಣು ಬಿತ್ತು. ಹುಲಿಗೆಮ್ಮನ ಗಂಡನೂ ಬಂಡಿ ಹೊಡೆದುಕೊಂಡು ಹೋಗಿ ತಂದು ಹಾಕಿದ. ಅವನು ಮೇಲೆ ತುಳಿಯುವಾಗ ಅವಳು ಒಳಗೆ, ತೊಲೆಯ ಸಂದಿಯಿಂದ ಉದುರುವ ಪುಡಿಮಣ್ಣನ್ನು ತಲೆಯ ಮೇಲೆ ಬೀಳಗೊಟ್ಟು ಕೂತಿದ್ದಳಂತೆ.

ಮೊದಲ ಮಳೆ ನಿಂತ ಮುಂಜಾನೆ ಅವಳು ಏಣಿ ಹತ್ತಿದಳು. ತನ್ನ ಮಾಳಿಗೆ ಮುಗಿದ ಮೇಲೆ ಕುಂಬಿಯ ಗಿಡ್ಡಗೋಡೆ ದಾಟಿ ಪಕ್ಕದ ಮಾಳಿಗೆ, ಅದರಾಚೆ ಇನ್ನೊಂದು. ಮಾಳಿಗೆಯ ನೀರು ಬೀಳುವ ಕಡೆಯೆಲ್ಲ ಕೂತು ಕೆಸರು ಕೆದಕಿದಳು. ನೆರೆಯ ಹೆಂಗಸರು ತಮಗೆ ಸಿಕ್ಕ ಮಣಿಗಳನ್ನು ತಂದು ತೋರಿಸುತ್ತಿದ್ದರು. ಬೆಳಕಿಗೆ ಹಿಡಿಯುವಳು. "ಇದಲ್ಲ" ಎಂದು ತಿರುಗಿ ಕೊಡುವಳು. ಮಳೆಗಾಲ ಪೂರ್ತಿ ಅದೇ ನಡೆಯಿತು. ಹುಡುಗರು ಅವಳಿಗೆ 'ಮಣಿ ಹುಲಿಗಿ' ಎಂದು ಹೆಸರಿಟ್ಟರು. ಮಗಳಿಗೆ ಸಿಗದ ಹೆಸರು ತಾಯಿಗೆ ಸಿಕ್ಕಿತು. ಮಳೆಗಾಲ ಮುಗಿಯುವಷ್ಟರಲ್ಲಿ ನನಗೆ ಸಿಂಧನೂರಿಗೆ ವರ್ಗವಾಯಿತು.

ಈ ಸಲ ಮಸ್ಕಿಯಲ್ಲಿ ಬಸ್ಸಿಳಿದು ಅವಳ ಓಣಿಗೆ ಹೋದೆ. ಓಣಿಯ ತುಂಬ ಆರ್‌ಸಿಸಿ ಮನೆಗಳು, ನೀಲಿ ನೀರಿನ ಟಾಕಿಗಳು. ಅವಳ ಮನೆಯೂ ಸರಕಾರದ ಆಸರೆ ಯೋಜನೆಯದೋ ಏನೋ, ಸಿಮೆಂಟಿನದಾಗಿತ್ತು. "ಗೌಡ್ರ ಗದ್ದ್ಯಾಗ ನೆಲ್ಲು ಹಚ್ಚಾಕ ಹೋಗ್ಯಾಳ" ಅಂದರು.

ಹಳ್ಳದ ದಂಡೆಗೆ ಹೋದೆ. ದಿಬ್ಬ ಇದ್ದ ಕಡೆ ನೀರು ನಿಂತ ಗದ್ದೆ ಆಕಾಶ ತೋರಿಸುತ್ತಿತ್ತು. ಹೆಂಗಸರು ಸಾಲಾಗಿ ಬಗ್ಗಿ ಸಸಿ ಹಚ್ಚುತ್ತ ಹಿಂದಹಿಂದಕ್ಕೆ ಸರಿಯುತ್ತಿದ್ದರು. ನನ್ನನ್ನು ಕಂಡು ಹುಲಿಗೆಮ್ಮ ಬದುವಿಗೆ ಬಂದಳು. ತಲೆ ನೆರೆತಿತ್ತು. "ಅಕ್ಕೋರ, ಆರಾಮದೀರೇನ್ರೀ?" ಎಂದಳು. ನಾನು ಆರಾಮ ಎಂದೂ ಹೇಳದೆ ಪರ್ಸು ತೆಗೆದು, ಮೊನ್ನೆ ಮಾಳಿಗೆ ಕೆಡವುವಾಗ ಸಿಕ್ಕಿತಂತೆ ಎಂದು ಮಣಿ ಚಾಚಿದೆ.

ಅವಳು ನಗು ನಿಲ್ಲಿಸಿದಳು. ಕಾಲುವೆಯಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿ, ಮಣಿ ತೆಗೆದುಕೊಂಡು ಬೆಳಕಿಗೆ ಹಿಡಿದಳು. ಚಕ್ಕೆಯನ್ನು ಬೆರಳಿನಿಂದ ಸವರಿದಳು. ಹೌದು ಅನ್ನಲಿ ದೇವರೇ, ಸುಳ್ಳಾದರೂ ಹೌದು ಅನ್ನಲಿ ಎಂದು ಬೇಡಿಕೊಂಡೆ. ಅವಳು ತಿರುಗಿಸಿ ತಿರುಗಿಸಿ ನೋಡಿದಳು.

"ನನ್ನ ಮಣಿ ಚಕ್ಕಿ ತೂತಿನ ಬಾಯಾಗ ಎದ್ದಿತ್ರೀ, ದಬ್ಬಣ ಬಡದು" ಅಂದಳು. "ಇದು ಹೊಟ್ಟ್ಯಾಗ ಎದ್ದೈತಿ. ಇದಲ್ಲ."

"ಇರಲಿ, ನೀನೇ ಇಟ್ಕೋ ಹುಲಿಗೆಮ್ಮ."

"ಬ್ಯಾಡ್ರೀ. ಯಾರ ಕೂಸಿನ ಕೈಯಾಗಿಂದೋ ಏನೋ" ಎಂದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ಹೊರಟವಳು ಮತ್ತೆ ನಿಂತು ಕೇಳಿದಳು. "ಇದು ಸಿಕ್ಕ ಮಾಳಿಗಿ ಮಣ್ಣು ಎಲ್ಲಿ ಹಾಕ್ಯಾರಂತ್ರೀ? ಈ ಊರಾಗ ಅದೊಂದ ಉಳದಿತ್ತು ಮಣ್ಣಿನ ಮಾಳಿಗಿ."

ಆ ಹುಡುಗಿ ಅದನ್ನೂ ಹೇಳಿದ್ದಳು. "ಟ್ರ್ಯಾಕ್ಟರಿಗೆ ಏರಿಸಿ ಹಳ್ಳಕ್ಕ ಚೆಲ್ಲ್ಯಾರಂತ" ಅಂದೆ.

ಹುಲಿಗೆಮ್ಮ ಹಳ್ಳದ ಕಡೆ ನೋಡಿದಳು. ಶ್ರಾವಣದ ನೀರು ಕೆಂಪಾಗಿ ತುಂಗಭದ್ರೆಯ ಕಡೆಗೆ ಓಡುತ್ತಿತ್ತು.

"ಹಂಗಾದ್ರ ಮುಗೀತು ಬಿಡ್ರೀ" ಅಂದಳು. ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದು, ಸಾಲಿನಲ್ಲಿ ತನ್ನ ಜಾಗಕ್ಕೆ ಹೋಗಿ ಬಗ್ಗಿದಳು.